ಟಿಫಿನ್ ಡಬ್ಬಿಯ ಹಕ್ಕುಪತ್ರ

ನಾನು ಒಂದು ಕಾನೂನು ಸೇವಾ ಸಂಸ್ಥೆಯ ಐಟಿ ವಿಭಾಗದ ಮುಖ್ಯಸ್ಥೆ. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದಾಗ ಹೀಗೆ ಹೇಳಿದರೆ, ಅವರು ತಕ್ಷಣ ಬೆಂಗಳೂರಿನಲ್ಲಾ ಎನ್ನುತ್ತಾರೆ. ಅಲ್ಲ, ಕೊಪ್ಪದಲ್ಲಿ ಎಂದರೆ ಪಾಪ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವವರ ಧಾಟಿಯಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ನಾನು ಹಾಕಿಸಿಕೊಳ್ಳುತ್ತೇನೆ. ನನಗೇನೂ ಬೇಜಾರಿಲ್ಲ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರು ಕಡೆಯೂ ಕೋರ್ಟು ಇರುವುದರಿಂದ ನಮ್ಮದೂ ಮೂರು ಕಡೆ ಆಫೀಸು. ಈ ಮೂರಕ್ಕೂ ಸೇರಿ ನನ್ನ ವಿಭಾಗದಲ್ಲಿರುವುದು ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ಎನ್.ಆರ್. ಪುರದ ಸಾಹೇಬರು. ಅವರು ಬೆಳಗ್ಗೆ ತಮ್ಮ ಮೊಬೈಲ್ ರಿಪೇರಿ ಅಂಗಡಿ ನೋಡಿಕೊಂಡು ಮಧ್ಯಾಹ್ನ ನಮ್ಮ ಶಾಖೆಗೆ ಬರುತ್ತಾರೆ. ಎಂಥ ಯಂತ್ರವಾದರೂ ಅವರ ಕೈಗೆ ಸಿಕ್ಕಿದರೆ ಸುಮ್ಮನೆ ಮಾತು ಕೇಳುತ್ತದೆ. ಅವರು ಎಂದೂ ದನಿ ಏರಿಸಿದವರಲ್ಲ. ಆ ಕೊರತೆಯನ್ನು ನಾನು ತುಂಬುತ್ತೇನೆ. ನನಗೆ ಸಿಟ್ಟು ಬೇಗ. ಒಲೆ ಮೇಲಿನ ಹಾಲಿಗಾದರೂ ಉಕ್ಕುವ ಮುಂಚೆ ಒಂದು ಸೂಚನೆ ಇರುತ್ತದೆ, ನಿನಗೆ ಅದೂ ಇಲ್ಲ ಎಂದು ನನ್ನ ಗಂಡ ಹೇಳುವುದುಂಟು.

ಕೆಲಸವೇನು ಎಂದರೆ, ಎಲ್ಲವೂ. ದಾವೆಗಳನ್ನು ಆನ್‌ಲೈನಿನಲ್ಲಿ ಹಾಕುವುದು, ತಾರೀಕುಗಳನ್ನು ಇಳಿಸಿಕೊಳ್ಳುವುದು, ಶೃಂಗೇರಿ ಶಾಖೆಯ ಇಂಟರ್ನೆಟ್ ತಂತಿಯಲ್ಲಿ ಮಂಗಗಳು ಜೋತಾಡಿ ಹರಿದಾಗ ಬಸ್ಸು ಹತ್ತಿಕೊಂಡು ಹೋಗುವುದು. ನಮ್ಮ ದೊಡ್ಡ ವಕೀಲರು ತಮಗೆ ಬಂದ ಇಮೇಲನ್ನು ಪ್ರಿಂಟ್ ತೆಗೆಸಿ, ಅದರ ಬೆನ್ನಿಗೆ ಪೆನ್ನಿನಲ್ಲಿ ಉತ್ತರ ಬರೆದು, ಕಳಿಸಿಬಿಡು ಎಂದು ನನ್ನ ಮೇಜಿಗೆ ತಂದಿಡುತ್ತಾರೆ. ಒಮ್ಮೆ ಅವರು ಪಾಸ್‌ವರ್ಡನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದರು. ಒಂದನೇ ತಾರೀಕು ಯಾರೋ ಹಾಳೆ ಹರಿದರು, ಪಾಸ್‌ವರ್ಡೂ ಹೋಯಿತು. ಅದನ್ನು ಆಚೆ ಹೋಟೆಲಿನಲ್ಲಿ ವಡೆ ಕಟ್ಟಿಕೊಟ್ಟ ಕಾಗದದಲ್ಲಿ ಪತ್ತೆ ಹಚ್ಚಿದ್ದು ನಾನೇ.

ಆದರೆ ಆಫೀಸನ್ನು ನಿಜವಾಗಿ ನಡೆಸುತ್ತಿದ್ದವರು ಗುಮಾಸ್ತಣ್ಣ. ಮೂವತ್ತೈದು ವರ್ಷದಿಂದ ಬಾಗಿಲ ಪಕ್ಕದ ಅದೇ ಮೇಜು, ಅದೇ ಕುರ್ಚಿ. ಅವರದೊಂದು ಪದ್ಧತಿಯಿತ್ತು. ನಮ್ಮ ಹೊಸ್ತಿಲು ದಾಟಿ ಒಳಗೆ ಬಂದ ಯಾವ ಕಾಗದವೂ ಒಂದು ನಕಲು ಬಿಟ್ಟೇ ಹೊರಗೆ ಹೋಗಬೇಕು. ಕೇಸು ಇರಲಿ ಬಿಡಲಿ, ಫೀಸು ಕೊಡಲಿ ಬಿಡಲಿ. ಮೊದಲೆಲ್ಲ ಕೈಯಲ್ಲಿ ಬರೆದುಕೊಳ್ಳುತ್ತಿದ್ದರಂತೆ, ಆಮೇಲೆ ಜೆರಾಕ್ಸ್, ನಾನು ಬಂದ ಮೇಲೆ ಸ್ಕ್ಯಾನರು. ಸ್ಕ್ಯಾನರಿಗೆ ಅವರು ಬೇಗ ಹೊಂದಿಕೊಂಡರು. ಹೊಂದಿಕೊಳ್ಳದ್ದು ಹೆಸರಿಡುವುದಕ್ಕೆ. ನಾನು ಕೇಸಿನ ನಂಬರು ಹಾಕಿ ಎಂದರೆ ಅವರು ಮನುಷ್ಯರನ್ನು ಕಂಡ ಹಾಗೆ, ಕೆಲವೊಮ್ಮೆ ಅವರ ಊರೂ ಸೇರಿಸಿ, ಹಾಕುತ್ತಿದ್ದರು. 'ಮೂರು ಛತ್ರಿಯವರು.' 'ಹಿರೇಕೊಡಿಗೆ ಕೆಮ್ಮು.' 'ನೆಮ್ಮಾರ್ ಜಗಳ ದೊಡ್ಡದು.' 'ನೆಮ್ಮಾರ್ ಜಗಳ ಸಣ್ಣದು.' ಒಂದು ಫೋಲ್ಡರಿನ ಹೆಸರು ಬರೀ 'ಅಯ್ಯೋ ಪಾಪ' ಎಂದಿತ್ತು.

ವಕೀಲರೂ ಹಾಗೆಯೇ ಕೇಳುತ್ತಿದ್ದರು, ಮೂರು ಛತ್ರಿ ತೆಗಿ ಮಾರಾಯ ಎಂದು. ಗುಮಾಸ್ತಣ್ಣ ಅರೆಕ್ಷಣದಲ್ಲಿ ತೆಗೆದುಕೊಡುತ್ತಿದ್ದರು. ಎಲ್ಲ ಸುಸೂತ್ರ ನಡೆಯುತ್ತಿತ್ತು. ನಡೆಯುತ್ತಿದ್ದುದನ್ನು ಹಾಗೇ ಬಿಡುವ ಜಾಯಮಾನ ನನ್ನದಲ್ಲ. ನಾಳೆ ಇವರು ರಜೆ ಹಾಕಿದರೆ ಏನು ಗತಿ ಎಂಬ ನನ್ನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ, ಈಗಲೂ ಅದೇ ಹೇಳುತ್ತೇನೆ. ತಪ್ಪಿದ್ದದ್ದು ನಾನು ಕಂಡುಕೊಂಡ ಉತ್ತರದಲ್ಲಿ.

ಒಂದು ಎರಡನೇ ಶನಿವಾರ ಸಾಹೇಬರನ್ನು ಕೊಪ್ಪಕ್ಕೆ ಕರೆಸಿ, ಇಬ್ಬರೂ ಕೂತು ಒಂದು ಪ್ರೋಗ್ರಾಂ ಬರೆದು, ಮೂರೂ ಆಫೀಸಿನ ಫೈಲುಗಳ ಹೆಸರನ್ನು ಕೇಸಿನ ನಂಬರಿಗೆ ಬದಲಾಯಿಸಿದೆವು. ಕೇಸೇ ಇಲ್ಲದ ಕಾಗದಗಳಿಗೆ 'ಇತರೆ' ಎಂಬ ಒಂದು ಫೋಲ್ಡರು ಮಾಡಿ, ಅದರಲ್ಲಿ ಒಂದರಿಂದ ಶುರುವಾಗಿ ಸಾಲಾಗಿ ನಂಬರು. ಮೇಡಂ, ಹಳೆ ಹೆಸರುಗಳ ಒಂದು ಪಟ್ಟಿ ಇಟ್ಟುಕೊಳ್ಳೋಣವಾ ಎಂದು ಸಾಹೇಬರು ಮೆತ್ತಗೆ ಕೇಳಿದರು. ಕೆಮ್ಮು, ಛತ್ರಿಗಳ ಪಟ್ಟಿ ಯಾರಿಗೆ ಬೇಕು ಎಂದು ನಾನು ಜೋರಾಗಿ ನಕ್ಕೆ. ಭಾನುವಾರ ಸಂಜೆ ವಾರದ ಬ್ಯಾಕಪ್ ತನ್ನ ಪಾಡಿಗೆ ತಾನು ನಡೆದು, ಹೊಸ ಹೆಸರುಗಳನ್ನು ಹಳೆಯವುಗಳ ಮೇಲೆ ಬರೆದು ಮುಗಿಸಿತು. ಆ ಏರ್ಪಾಡು ಮಾಡಿದವಳೂ ನಾನೇ.

ಸೋಮವಾರ ಗುಮಾಸ್ತಣ್ಣ ಕಂಪ್ಯೂಟರು ತೆರೆದು ಸುಮಾರು ಹೊತ್ತು ಪರದೆ ನೋಡುತ್ತ ಕೂತರು. ನಾನು ಹೋಗಿ ಹೊಸ ಪದ್ಧತಿಯನ್ನು ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

"ಆಯ್ತು ಮೇಡಂ."

ಹತ್ತು ವರ್ಷದಿಂದ ನನ್ನನ್ನು ಮಾರಾಯ್ತಿ ಎಂದು ಕರೆಯುತ್ತಿದ್ದ ಮನುಷ್ಯ! ನಮ್ಮ ಕಡೆ ಜಗಳವಾಡಿದರೂ ಮಾರಾಯ್ತಿಯೇ, ಊಟಕ್ಕೆ ಕರೆದರೂ ಮಾರಾಯ್ತಿಯೇ. ಮೇಡಂ ಅಂದರೆ ಬಾಗಿಲು ಹಾಕಿದ ಹಾಗೆ. ಅಲ್ಲಿಂದ ಮುಂದೆ ಮೇಡಂ ಬಿಟ್ಟರೆ ಬೇರೆ ಮಾತಿಲ್ಲ. ಅವರ ಮನೆಯಿಂದ ಬರುತ್ತಿದ್ದ ಹಲಸಿನ ಹಪ್ಪಳವೂ ನಿಂತಿತು. ನಾನು ಬಗ್ಗಲಿಲ್ಲ. ಹಪ್ಪಳ ಪೇಟೆಯಲ್ಲಿ ಸಿಗುತ್ತದೆ ಎಂದು ಗಂಡನ ಹತ್ತಿರ ಹೇಳಿದೆ. ಪೇಟೆಯದು ಅಷ್ಟು ಚೆನ್ನಾಗಿರಲಿಲ್ಲ.

ಹೀಗೆ ಮೂರು ವಾರ ಕಳೆದ ಮೇಲೆ, ಒಂದು ಸೋಮವಾರ ಬೆಳಗ್ಗೆ ನಾನು ಬರುವಷ್ಟರಲ್ಲಿ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಭಂಡಿಗಡಿಯವರು, ಅರವತ್ತು ದಾಟಿರಬಹುದು, ತೋಟದಲ್ಲಿ ಕೂಲಿ ಕೆಲಸ. ಎಸ್ಟೇಟಿನವರು ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಮೂವತ್ತು ವರ್ಷ ಬದುಕಿ, ಸರ್ಕಾರದಿಂದ ಒಂದು ನಿವೇಶನ ಮಂಜೂರಾದ ಮೇಲೆ ಅಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡವರು. ಪಕ್ಕದವನು ಆ ಜಾಗ ತನ್ನದು, ಇವರನ್ನು ಎಬ್ಬಿಸಿ ಎಂದು ದಾವೆ ಹಾಕಿದ್ದ. ಸಮನ್ಸ್ ಹಿಡಿದುಕೊಂಡು ಇವರು ನಮ್ಮಲ್ಲಿಗೆ ಬಂದಾಗ ಹಕ್ಕುಪತ್ರ ಕೈಯಲ್ಲಿರಲಿಲ್ಲ. ಗೆದ್ದಲು ತಿಂದಿತ್ತು. ತಾಲ್ಲೂಕು ಕಚೇರಿಯಿಂದ ನಕಲು ತೆಗೆಸಲು ಮಂಜೂರಾತಿಯ ನಂಬರು, ತಾರೀಕು ಬೇಕು. ಅದಿದ್ದದ್ದು ಗೆದ್ದಲು ತಿಂದ ಕಾಗದದಲ್ಲಿ.

ಆಗ ಗುಮಾಸ್ತಣ್ಣ ವಕೀಲರಿಗೆ ಹೇಳಿದ್ದರಂತೆ, ಹೆದರಬೇಡಿ, ಮೂರು ವರ್ಷದ ಕೆಳಗೆ ಈಯಮ್ಮ ಸುಮ್ಮನೆ ತೋರಿಸಲಿಕ್ಕೆ ಅಂತ ತಂದಿದ್ದಾಗ ನಾನು ಸ್ಕ್ಯಾನ್ ಮಾಡಿದ್ದೇನೆ ಎಂದು. ಆ ಧೈರ್ಯದ ಮೇಲೆ ವಕೀಲರು ದಾಖಲೆ ಹಾಜರುಪಡಿಸುತ್ತೇವೆ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ಕೋರ್ಟು ಕೊನೆಯ ಅವಕಾಶ ಎಂದು ಮಂಗಳವಾರದ ತಾರೀಕು ಕೊಟ್ಟಿತ್ತು. ಇದೆಲ್ಲ ನಾನು ಹೆಸರು ಬದಲಾಯಿಸುವ ಮೊದಲಿನ ಮಾತು. ಮಂಗಳವಾರ ಬೆಳಗಿನ ಬಸ್ಸು ಕೈಕೊಟ್ಟೀತೆಂದು ಆಯಮ್ಮ ಸೋಮವಾರವೇ ಬಂದು ಕೂತಿದ್ದರು. ಗುಮಾಸ್ತಣ್ಣ ಕಂಪ್ಯೂಟರಿನಲ್ಲಿ 'ಟಿಫಿನ್ ಡಬ್ಬಿ' ಎಂದು ಹುಡುಕಿದರು. ಅಂಥ ಯಾವ ಫೈಲೂ ಇಲ್ಲ ಎಂದಿತು ಕಂಪ್ಯೂಟರು.

ಅವರು ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತು ವಿಷಯ ಹೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕೇಸಿಲ್ಲದಾಗ ಬಂದ ಕಾಗದವಾದ್ದರಿಂದ ಅದು 'ಇತರೆ'ಯಲ್ಲಿತ್ತು. ಇತರೆಯಲ್ಲಿ ಆರು ಸಾವಿರಕ್ಕೂ ಮೇಲೆ ಫೈಲುಗಳಿದ್ದವು. ಮೂರು ವರ್ಷದ ಕೆಳಗೆ ಎಂಬ ಅಂದಾಜಿನ ಮೇಲೆ ತೀರಾ ಹಳೆಯದು, ತೀರಾ ಹೊಸದು ಬಿಟ್ಟರೂ ಮೂರು ಸಾವಿರ ಉಳಿದವು. ಹೆಚ್ಚಿನವು ಕಂಪ್ಯೂಟರು ಓದಲಾರದ ಕೈಬರಹ, ಅರ್ಧಕ್ಕರ್ಧ ಅಡ್ಡಡ್ಡ ಮಲಗಿದವು. ಸಾಹೇಬರಿಗೆ ಫೋನು ಮಾಡಿದೆ. ಅವರು ಅಂಗಡಿ ಬಾಗಿಲು ಹಾಕಿ ಎನ್.ಆರ್. ಪುರದ ಶಾಖೆಯಲ್ಲೇ ಕೊನೆಯ ತುದಿಯಿಂದ ಹುಡುಕಲು ಕೂತರು, ನಾನು ಮೊದಲಿಂದ. ಒಂದೊಂದೇ ತೆರೆ, ಕತ್ತು ವಾಲಿಸಿ ಓದು, ಮುಚ್ಚು. ಯಾರದೋ ಜಾತಕ, ಯಾರದೋ ಪಂಚಾಯಿತಿ ತೀರ್ಮಾನ, ಒಂದು ಮದುವೆ ಕರೆಯೋಲೆ. ಗುಮಾಸ್ತಣ್ಣನ ಪದ್ಧತಿ ಅಂದರೆ ಪದ್ಧತಿ, ಒಬ್ಬರ ಕನ್ನಡಕದ ಚೀಟಿಯೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಇಬ್ಬರದೂ ಸೇರಿ ಏಳುನೂರು ಆಗಿತ್ತು. ಕಣ್ಣು ಉರಿಯುತ್ತಿತ್ತು.

ನೀರು ಕುಡಿಯಲು ಎದ್ದಾಗಲೆಲ್ಲ ಬೆಂಚಿನಿಂದ ಆಯಮ್ಮ ಕೇಳುತ್ತಿದ್ದರು, ಸಿಕ್ತಾ ಅಕ್ಕ ಎಂದು. ಇನ್ನೂ ಇಲ್ಲ ಎಂದರೆ, ಸಿಗ್ತದೆ ಬಿಡಿ ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಮೂರನೇ ಸಲ ನಾನು ಅವರ ಪಕ್ಕ ಕೂತೆ. ಸಿಗದೇ ಹೋದರೆ ಎಂದು ಅವರು ತಾವಾಗಿಯೇ ಮಾತು ತೆಗೆದರು.

"ಸಿಗದಿದ್ರೆ ನಂಗೆ ಲೈನ್ ಮನೆನೇ ಗತಿ ಅಕ್ಕ. ಮೂವತ್ತು ವರ್ಷ ಅಲ್ಲಿ ನಂಗೆ ಏಳನೇ ನಂಬರಿನವಳು ಅಂತಲೇ ಹೇಳ್ತಿದ್ರು. ಮತ್ತೆ ಏಳನೇ ನಂಬರು ಆಗ್ಲಿಕ್ಕೆ ಮನಸ್ಸಿಲ್ಲ."

ನಾನು ಅಲ್ಲಿಂದ ಎದ್ದು ಒಳಗೆ ಬಂದೆ. ಸಾಲಾಗಿ ನಂಬರು ಕೊಟ್ಟು ಹೆಮ್ಮೆಪಟ್ಟವಳಿಗೆ ಎದುರು ನಿಲ್ಲುವ ಮುಖವಿರಲಿಲ್ಲ. ನನಗೆ ನಾಚಿಕೆಯಾಗಿತ್ತು, ಅದನ್ನು ಬೇರೆ ಹೇಗೂ ಹೇಳಲಾರೆ.

ಮಧ್ಯಾಹ್ನ ಊಟ ಬಿಟ್ಟು ಗುಮಾಸ್ತಣ್ಣನ ಮೇಜಿನ ಎದುರಿನ ಸ್ಟೂಲಿನಲ್ಲಿ ಹೋಗಿ ಕೂತೆ. ಕಕ್ಷಿದಾರರು ಕೂರುವ ಸ್ಟೂಲು ಅದು. ನನ್ನಿಂದ ತಪ್ಪಾಯಿತು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಆ ದಿನದ್ದು ಏನಾದರೂ ನೆನಪಿದೆಯಾ, ತಿಂಗಳಾದರೂ ಗೊತ್ತಾದರೆ ಸಾಕು, ಹೆಸರು ಹೋದರೂ ಸ್ಕ್ಯಾನ್ ಮಾಡಿದ ತಾರೀಕು ಫೈಲಿನಲ್ಲಿ ಹಾಗೇ ಇರುತ್ತದೆ ಎಂದು ಕೇಳಿಕೊಂಡೆ.

ತಾರೀಕು ಅವರಿಗೆ ಗೊತ್ತಿರಲಿಲ್ಲ. ಉಳಿದದ್ದೆಲ್ಲ ಗೊತ್ತಿತ್ತು. ಆಯಮ್ಮ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದರು. ಮೂಲೆಯಲ್ಲಿ ಉಪ್ಪಿನಕಾಯಿಯ ಎಣ್ಣೆ ಕಲೆ. ಸ್ಕ್ಯಾನರಿನ ಮುಚ್ಚಳ ಮುರಿದಿದ್ದರಿಂದ ಇವರು ಬೆರಳಲ್ಲಿ ಒತ್ತಿ ಹಿಡಿದು ಸ್ಕ್ಯಾನ್ ಮಾಡಿದ್ದರು. ಆಮೇಲೆ ನನ್ನ ಮುಖ ನೋಡದೆ ಇನ್ನೊಂದು ಸಂಗತಿ ಹೇಳಿದರು. ಅವತ್ತು ನಾನು ಅತ್ತಿಂದಿತ್ತ ಓಡಾಡುತ್ತಿದ್ದವಳು ಆ ಡಬ್ಬಿಯನ್ನು ನೋಡಿ, ಊಟದ ಡಬ್ಬಿಯಲ್ಲಿ ಯಾರಾದರೂ ದಾಖಲೆ ಇಡುತ್ತಾರಾ ಎಂದು ಗದರಿ, ಆಯಮ್ಮನಿಗೆ ನಮ್ಮ ಆಫೀಸಿನ ರಟ್ಟಿನ ಫೈಲು ಕೊಟ್ಟು ಕಳಿಸಿದ್ದೆನಂತೆ. ಗೆದ್ದಲು ತಿಂದದ್ದು ಆ ರಟ್ಟಿನ ಫೈಲನ್ನು, ಒಳಗಿನ ಕಾಗದ ಸಮೇತ. ಸ್ಟೀಲಿನ ಡಬ್ಬಿಯಲ್ಲೇ ಇದ್ದಿದ್ದರೆ ಯಾವ ಗೆದ್ದಲು ಏನು ಮಾಡುತ್ತಿತ್ತು?

ಮೂರು ವರ್ಷದ ಕೆಳಗೆ ಒಮ್ಮೆ, ಈಗೊಮ್ಮೆ, ಒಬ್ಬರದೇ ಮನೆಯ ಕಾಗದವನ್ನು ಎರಡು ಸಲ ನಾನು ಅಚ್ಚುಕಟ್ಟು ಮಾಡಿದ್ದೆ.

ಅವತ್ತು ನಾನು ಯಾಕೆ ಓಡಾಡುತ್ತಿದ್ದೆ ಎಂದು ಕೊನೆಗೆ ಕೇಳಿದೆ. ಆಗ ಗುಮಾಸ್ತಣ್ಣನ ಮೀಸೆ ಸ್ವಲ್ಪ ಅಲುಗಿತು. ಸ್ಕ್ಯಾನರ್ ಕಂಪನಿಯವನ ಹತ್ತಿರ ಫೋನಿನಲ್ಲಿ ಅರ್ಧ ಗಂಟೆ ಜಗಳ ಆಡಿದ್ರಿ ಎಂದರು. ಮುಚ್ಚಳದ ವಿಷಯಕ್ಕೆ. ಕನ್ನಡ ಮುಗಿದು, ಹಿಂದಿ ಮುಗಿದು, ಇಂಗ್ಲಿಷಿಗೆ ಬಂದಿತ್ತು ಜಗಳ. ಆಯಮ್ಮ ಹೆದರಿ, ಅವ್ರಿಗೆ ಎಂತ ಆಯ್ತು ಎಂದು ಕೇಳಿದ್ದರಂತೆ.

ಜಗಳ! ನಾನು ಬಾಯಲ್ಲಿ ಜಗಳವಾಡಿ ಸುಮ್ಮನಾಗುವವಳಲ್ಲ. ಫೋನು ಇಟ್ಟ ಮೇಲೆ ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿದರೇ ನನಗೆ ಅವತ್ತಿನ ಊಟ ಸೇರುವುದು. ಓಡಿಹೋಗಿ ಕಳಿಸಿದ ಇಮೇಲುಗಳಲ್ಲಿ ಸ್ಕ್ಯಾನರ್ ಎಂದು ಹುಡುಕಿದೆ. ಹದಿನಾಲ್ಕು ಜಗಳ ಸಿಕ್ಕಿದವು. ಸಾಹೇಬರು ಫೋನಿನ ಆ ಕಡೆಯಿಂದ, ಹದಿನಾಲ್ಕೇನಾ ಮೇಡಂ, ನಾನು ಜಾಸ್ತಿ ಅಂದ್ಕೊಂಡಿದ್ದೆ ಎಂದರು. ಹದಿನಾಲ್ಕರಲ್ಲಿ ಯಾವುದು ಎಂಬ ಪ್ರಶ್ನೆಗೆ ಗುಮಾಸ್ತಣ್ಣ ಕುರ್ಚಿಯಿಂದ ಏಳದೆಯೇ ಉತ್ತರ ಕೊಟ್ಟರು.

"ಈ ಯಂತ್ರನ ತಗೊಂಡೋಗಿ ತುಂಗೆಗೆ ಬಿಸಾಕಿ ಬರ್ತೀನಿ ಅಂದದ್ದು ಅವತ್ತೇ ಮಾರಾಯ್ತಿ. ಹೊಳೆ ಹಾಳಾಗ್ತದಲ್ಲ ಅಂತ ನಾನು ಅಂದ್ಕೊಂಡಿದ್ದು ನೆನಪುಂಟು."

ಆರನೆಯ ಜಗಳದಲ್ಲಿ ತುಂಗೆಯ ಹೆಸರಿತ್ತು. ನಾಲ್ಕನೇ ಸಾಲಿನಲ್ಲೇ ಇತ್ತು, ನದಿಗೆ ಎಸೆಯುವುದಾಗಿ. ತಾರೀಕು ಸಿಕ್ಕಿತು. ಆ ತಾರೀಕಿನಂದು ಸ್ಕ್ಯಾನ್ ಮಾಡಿದ ಫೈಲುಗಳು ಹನ್ನೊಂದು. ಒಂಬತ್ತನೆಯದನ್ನು ತೆರೆದಾಗ ಪರದೆಯ ತುಂಬ ಅಡ್ಡಲಾಗಿ ಮಲಗಿದ ಒಂದು ಹಕ್ಕುಪತ್ರ, ಮೂಲೆಯಲ್ಲಿ ಹಳದಿ ಕಲೆ, ಅಂಚಿನಲ್ಲಿ ಉಂಗುರ ಹಾಕಿದ ಗುಮಾಸ್ತಣ್ಣನ ಬೆರಳು. ನಂಬರು, ತಾರೀಕು, ಮೊಹರು ಎಲ್ಲ ಸ್ಪಷ್ಟ. ಗುಮಾಸ್ತಣ್ಣ ನನ್ನನ್ನು ಮತ್ತೆ ಮಾರಾಯ್ತಿ ಎಂದಿದ್ದು ನನ್ನ ಗಮನಕ್ಕೆ ಬಂದದ್ದೂ ಆಗಲೇ. ಅಲ್ಲೇ ಅತ್ತುಬಿಟ್ಟೆ. ಆಯಮ್ಮ ಬೆಂಚಿನಿಂದ ಎದ್ದು ಬಂದವರು ನಾನು ಅಳುವುದನ್ನು ಕಂಡು, ಸಿಗಲಿಲ್ವಾ ಎಂದರು. ಸಿಕ್ಕಿತು, ಸಿಕ್ಕಿತು ಎಂದು ಗುಮಾಸ್ತಣ್ಣನೇ ಹೇಳಬೇಕಾಯಿತು.

ಹಕ್ಕುಪತ್ರ ಆಯಮ್ಮನ ಹೆಸರಿನಲ್ಲೇ ಇತ್ತು, ಗಂಡನ ಹೆಸರಿನಲ್ಲಲ್ಲ. ಅವರಿಗೆ ಓದು ಬಾರದು. ತಮ್ಮ ಹೆಸರಿರುವ ಸಾಲು ಎಲ್ಲಿದೆ ಎಂದು ಕೇಳಿದರು. ನಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರೂ ಒಂದು ಸಲ ಬೆರಳಿಟ್ಟು ನೋಡಿದರು.

ಮಂಗಳವಾರ ಕೋರ್ಟಿಗೆ ನಾನೂ ಹೋದೆ. ಐಟಿ ವಿಭಾಗದ ಮುಖ್ಯಸ್ಥರಿಗೆ ಅಲ್ಲಿ ಕೆಲಸವಿಲ್ಲ, ಆದರೂ ಹೋದೆ. ಬಾಗಿಲಲ್ಲಿ ಜವಾನ ಆಯಮ್ಮನ ಹೆಸರು ಕೂಗಿದ. ಆಯಮ್ಮ ಕೂತೇ ಇದ್ದರು. ಎರಡನೇ ಸಲ ಕೂಗಿದ. ಯಾರನ್ನು ಕರೆಯುತ್ತಿದ್ದಾರೆ ಎಂದು ಅವರು ಆಚೀಚೆ ನೋಡಿದರು. ಗುಮಾಸ್ತಣ್ಣ ಮೊಣಕೈಯಲ್ಲಿ ತಿವಿದು, ನಿಮ್ಮನ್ನೇ ಎಂದರು. ಮೂರನೇ ಸಲ ಕೂಗಿದಾಗ ಸೆರಗು ಸರಿಮಾಡಿಕೊಂಡು ಎದ್ದರು. ವಕೀಲರು ಪ್ರತಿಯನ್ನು ಸಲ್ಲಿಸಿ, ದೃಢೀಕೃತ ನಕಲಿಗೆ ಆ ನಂಬರಿನ ಮೇಲೆ ಅರ್ಜಿ ಹಾಕಿರುವುದಾಗಿ ತಿಳಿಸಿದರು. ಅದು ಬರುವ ತನಕ ಮನೆಯನ್ನು ಯಾರೂ ಮುಟ್ಟಕೂಡದು ಎಂದು ಆದೇಶವಾಯಿತು. ನಕಲು ಬಂದ ಮೇಲೆ ಪಕ್ಕದವನು ಎರಡು ತಾರೀಕಿಗೆ ಬರಲಿಲ್ಲ, ಮೂರನೆಯದಕ್ಕೆ ದಾವೆ ವಾಪಸ್ಸು ತೆಗೆದುಕೊಂಡ.

ಅಷ್ಟರಲ್ಲಿ ನಾನೂ ಸಾಹೇಬರೂ ಕೂತು ಇನ್ನೊಂದು ವ್ಯವಸ್ಥೆ ಮಾಡಿದ್ದೆವು. ಕೇಸಿನ ನಂಬರು ಒಂದು ಕಡೆ ಇರಲಿ, ಪಕ್ಕದಲ್ಲಿ ಇನ್ನೊಂದು ಕಾಲಂ, 'ನಾವು ಕರೆಯುವುದು' ಎಂದು. ಅಳಿಸಿಹೋದ ಹೆಸರುಗಳನ್ನು ಗುಮಾಸ್ತಣ್ಣ ದಿನಾ ಒಂದಿಷ್ಟು ನೆನಪಿನಿಂದ ಹೇಳುತ್ತಿದ್ದರು, ನಾನು ಶಿಷ್ಯೆಯ ಹಾಗೆ ಟೈಪು ಮಾಡುತ್ತಿದ್ದೆ. ಹಪ್ಪಳ ಮತ್ತೆ ಬರತೊಡಗಿತ್ತು.

ದೃಢೀಕೃತ ನಕಲು ಒಯ್ಯಲು ಆಯಮ್ಮ ಬಂದ ದಿನ ಕೈಯಲ್ಲಿ ಅದೇ ಸ್ಟೀಲಿನ ಟಿಫಿನ್ ಡಬ್ಬಿಯಿತ್ತು. ತೊಳೆದು ಒಣಗಿಸಿ ತಂದಿದ್ದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟು ಮುಚ್ಚಳ ಒತ್ತಿ ಹಾಕಿ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿದ್ದ ರಟ್ಟಿನ ಫೈಲನ್ನು ಡ್ರಾಯರಿನೊಳಗೆ ತಳ್ಳಿದೆ. ಅವರ ಫೈಲಿನ ಹೊಸ ಕಾಲಂ ಖಾಲಿಯಿತ್ತು. ಟಿಫಿನ್ ಡಬ್ಬಿ ಅಂತಲೇ ಹಾಕು ಮಾರಾಯ್ತಿ, ನಂಗೆ ಹುಡುಕಲಿಕ್ಕೆ ಸುಲಭ ಎಂದರು ಗುಮಾಸ್ತಣ್ಣ. ನಾನು ಆಯಮ್ಮನನ್ನು ಕೇಳಿದೆ, ಏನು ಹಾಕಲಿ ಎಂದು.

ಅವರು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ನಿಂತು, ಕೋರ್ಟಿನ ಜವಾನ ಕೂಗಿದ ಧಾಟಿಯಲ್ಲೇ, ಬೀದಿಗೆ ಕೇಳುವ ಹಾಗೆ ತಮ್ಮ ಹೆಸರನ್ನು ಮೂರು ಸಲ ಕೂಗಿದರು. ದೊಡ್ಡ ವಕೀಲರು ಏನಾಯಿತೆಂದು ಒಳಗಿನಿಂದ ಓಡಿಬಂದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವರು ಆಯಮ್ಮನೇ.

ನಾನು ಟೈಪು ಮಾಡಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ನಮ್ಮ ಕಂಪ್ಯೂಟರಿನಲ್ಲಿ 'ನಾವು ಕರೆಯುವುದು' ಎಂಬ ಕಾಲಮ್ಮಿನಲ್ಲಿ ಇದೆ, ಗುಮಾಸ್ತಣ್ಣ ಈಗ ಹಾಗೆಯೇ ಕರೆಯುತ್ತಾರೆ.